ಚೀಲದ ಪುಂಗಿ, ಪಿಟೀಲು ಮತ್ತು ರಾಜನ ಮದುವೆ

ಶಿರಹಟ್ಟಿಯ ಮೂಕಪ್ಪ ಹೆಸರಿಗೆ ತಕ್ಕ ಮನುಷ್ಯನಲ್ಲ. ಅವನು ಮಾತು ನಿಲ್ಲಿಸಿದ್ದನ್ನು ಊರವರು ನೋಡಿದ್ದು ಬಾಯಲ್ಲಿ ಕೊಳವೆ ಇಟ್ಟುಕೊಂಡಾಗ ಮಾತ್ರ. ಕೊಳವೆಯ ಇನ್ನೊಂದು ತುದಿ ಅವನು ಕಂಕುಳಲ್ಲಿ ಅವುಚಿಕೊಂಡ ಆಡಿನ ತೊಗಲಿನ ಚೀಲಕ್ಕೆ ಸೇರಿತ್ತು. ಚೀಲದಿಂದ ಹೊರಟ ಮೂರು ಉದ್ದ ಕೊಳವೆಗಳು ಹೆಗಲ ಮೇಲೆ ಎದ್ದು ನಿಂತು ಒಂದೇ ಸ್ವರ ಹಿಡಿದು ಗುಂಯ್‌ಗುಡುತ್ತಿದ್ದವು. ಕೆಳಗೆ ಇಳಿಬಿದ್ದ ಇನ್ನೊಂದರ ತೂತುಗಳ ಮೇಲೆ ಅವನ ಬೆರಳುಗಳು ಆಡುತ್ತಿದ್ದವು. ಪಲ್ಟನ್ನಿನ ಗೋರಾ ಸಿಪಾಯಿಗಳು ಇದನ್ನು ಬ್ಯಾಗ್‌ಪೈಪ್ ಎನ್ನುತ್ತಿದ್ದರು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳಲ್ಲಿ ಅದರ ಹೆಸರು ಚೀಲದ ಪುಂಗಿ.

ವಾದ್ಯ ಅವನಿಗೆ ಸಿಕ್ಕಿದ್ದು ಬೆಳಗಾವಿಯ ದಂಡಿನಲ್ಲಿ. ಮೊದಲ ಮಹಾಯುದ್ಧ ಮುಗಿದ ಹೊಸದರಲ್ಲಿ ಅಲ್ಲಿ ಸ್ಕಾಟ್ಲೆಂಡಿನ ಪಲ್ಟನ್ನೊಂದು ಬೀಡುಬಿಟ್ಟಿತ್ತು. ಮೂಕಪ್ಪ ಅದಕ್ಕೆ ನೀರು ಹೊರುವ ಹುಡುಗ. ಬೇಸಿಗೆಯಲ್ಲಿ ಪಲ್ಟನ್ನಿನ ಪುಂಗಿಯವನ ಚೀಲ ಒಣಗಿ ಬಿರಿದಾಗ, ತನ್ನ ನೀರಿನ ತೊಗಲು ಹೊಲಿಯುವ ದಬ್ಬಳದಿಂದಲೇ ಮೂಕಪ್ಪ ಅದನ್ನೂ ಹೊಲಿದುಕೊಟ್ಟ. ಇಬ್ಬರ ನಡುವೆ ಒಂದೂ ಸಮಾನ ಭಾಷೆ ಇರಲಿಲ್ಲ. ಆದರೆ ತೊಗಲಿನ ವಿಷಯ ಇಬ್ಬರಿಗೂ ಗೊತ್ತಿತ್ತು. ಪಲ್ಟನ್ನು ಹೊರಡುವ ಹೊತ್ತಿಗೆ ಹುಡುಗನಿಗೆ ಸಾಕಷ್ಟು ಮಟ್ಟುಗಳು ಬರುತ್ತಿದ್ದವು, ಹಳೆಯ ವಾದ್ಯವೊಂದು ಅವನದಾಗಿತ್ತು. ಮಟ್ಟುಗಳ ಹೆಸರು ಗೊತ್ತಿರಲಿಲ್ಲವಾಗಿ ತಾನೇ ಇಟ್ಟುಕೊಂಡ. ಚಟಪಟ ಸಿಡಿಯುವ ಒಂದಕ್ಕೆ ‘ಒಗ್ಗರಣಿ’ ಎಂದ, ಎಡವುತ್ತ ಕುಣಿಯುವ ಇನ್ನೊಂದಕ್ಕೆ ‘ಕುಂಟ ಎಮ್ಮಿ’ ಎಂದ. ಎಲ್ಲಕ್ಕಿಂತ ನಿಧಾನದ, ಎಲ್ಲಕ್ಕಿಂತ ಭಾರಿಯಾದ ಮಟ್ಟಿಗೆ ‘ರಾಜನ ಮದಿವಿ’ ಎಂದ.

ಆ ಹೆಸರಿಗೆ ಕಾರಣವಿತ್ತು. ಬೆಳಗಾವಿಯಲ್ಲಿ ಒಮ್ಮೆ ದಂಡಿನ ಗೋಡೆಯಾಚೆ ಅವನು ಕಣ್ಣಾರೆ ಒಂದು ಮೆರವಣಿಗೆ ನೋಡಿದ್ದ. ಆರು ಮಂದಿ ಸಿಪಾಯಿಗಳು ಉದ್ದನೆಯ ಮುಚ್ಚಿದ ಮೇಣೆಯೊಂದನ್ನು ಹೆಗಲ ಮೇಲೆ ಹೊತ್ತಿದ್ದರು. ಮೇಲೆ ಬಣ್ಣದ ವಸ್ತ್ರ, ವಸ್ತ್ರದ ಮೇಲೆ ಹೂವು. ಸಾಹೇಬರೆಲ್ಲ ಟೊಪ್ಪಿಗೆ ತೆಗೆದು, ಬೀಗರ ಮುಂದೆ ನಿಂತ ಹೆಣ್ಣಿನ ಕಡೆಯವರಂತೆ ತಲೆ ತಗ್ಗಿಸಿದ್ದರು. ಮುಂದೆ ಪುಂಗಿಯವನು ಈ ಮಟ್ಟು ನುಡಿಸುತ್ತ ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಿದ್ದ. ಯಾವನೋ ದೊಡ್ಡ ಸಾಹೇಬ ಮಗಳನ್ನು ಗಂಡನ ಮನೆಗೆ ಕಳಿಸುತ್ತಿದ್ದಾನೆ ಎಂದು ಮೂಕಪ್ಪ ತಿಳಿದ. ಯಾರನ್ನೂ ಕೇಳಲಿಲ್ಲ. ಅವನ ಕಡೆ ಸತ್ತವರನ್ನು ಕೂಡಿಸಿ, ವಿಭೂತಿ ಹಚ್ಚಿ, ಮುಖ ಎಲ್ಲರಿಗೂ ಕಾಣುವಂತೆ ಒಯ್ಯುತ್ತಾರೆ. ಮುಚ್ಚಿಕೊಂಡು ಹೋಗುವುದು ಹೆಣ್ಣೇ ಆಗಿರಬೇಕು, ಅದೂ ದೊಡ್ಡವರ ಮನೆಯ ಹೆಣ್ಣು.

ಊರಿಗೆ ಮರಳಿದ ಮೇಲೆ ಅವನು ಮದುವೆಗಳಲ್ಲಿ ನುಡಿಸತೊಡಗಿದ. ಬೀಗರು ಬಂದಿಳಿದಾಗ ಕುಂಟ ಎಮ್ಮಿ, ಊಟದ ಹೊತ್ತಿಗೆ ಒಗ್ಗರಣಿ, ಕೊನೆಗೆ ಹೆಣ್ಣನ್ನು ಒಪ್ಪಿಸಿಕೊಡುವಾಗ ರಾಜನ ಮದಿವಿ. ಆ ದೇಶದ ರಾಜ ಮಗಳನ್ನು ಕಳಿಸುವಾಗ ಇದನ್ನೇ ಬಾರಿಸುತ್ತಾರೆ ಎಂದು ಮಂಟಪದಲ್ಲಿ ನಿಂತು ಹೇಳುತ್ತಿದ್ದ. ಹೇಳುವ ಪ್ರತಿ ಸಲಕ್ಕೂ ರಾಜನ ಆನೆಗಳು ಹೆಚ್ಚುತ್ತಿದ್ದವು. ಕ್ರಮೇಣ ಮೂರೂ ಊರುಗಳ ಅನುಕೂಲಸ್ಥರಲ್ಲಿ ಆ ಮಟ್ಟಿಲ್ಲದೆ ಹೆಣ್ಣು ಕಳಿಸುವುದು ಕೊಂಚ ಕಡಿಮೆಯ ಕೆಲಸವೆನಿಸಿತು. ಮೂಕಪ್ಪನ ಹೊಟ್ಟೆ ಹೊರೆಯುತ್ತಿದ್ದುದೂ, ಮೀಸೆ ತಿರುವಿಸುತ್ತಿದ್ದುದೂ ಅದೇ.

ಬೆಟಗೇರಿಯ ಇಸಾಕನ ಹಾದಿ ಬೇರೆ. ಅವನು ಮಿಶನ್ ಕಾಂಪೌಂಡಿನ ಮನೆತನದವನು, ಮೂಕಪ್ಪನಿಗಿಂತ ಕೆಲವು ವರ್ಷ ಹಿರಿಯ. ಹರೆಯದಲ್ಲಿ ಗದಗ ಜಂಕ್ಷನ್ನಿನಲ್ಲಿ ಕಂದೀಲು ಒರೆಸುವ ಕೆಲಸದಲ್ಲಿದ್ದಾಗ ಐರ್ಲೆಂಡಿನವನಾದ ರೈಲ್ವೆ ಗಾರ್ಡ್ ಒಬ್ಬ ಅವನಿಗೆ ಪಿಟೀಲು ಕಲಿಸಿದ. ಕುಳಿತು ತೊಡೆಯ ಮೇಲಲ್ಲ, ನಿಂತು ಗದ್ದಕ್ಕೆ ಒತ್ತಿ, ಕಾಲಿನಿಂದ ನೆಲ ತಟ್ಟುತ್ತ ನುಡಿಸುವ ರೀತಿ. ಮುಂದೆ ಇಸಾಕ ಮೂಕಿಚಿತ್ರಗಳ ತೆರೆಯ ಮುಂದೆ ನುಡಿಸಿದ. ಚಿತ್ರಗಳಿಗೆ ಮಾತು ಬಂದು ಆ ಕೆಲಸ ಹೋಯಿತು. ನಾಟಕ ಕಂಪನಿ ಸೇರಿದ. ಹಾರ್ಮೋನಿಯಂನವನು ಅವನ ಜಾಗ ತಿಂದ. ಈಗ ಚರ್ಚಿನಲ್ಲಿ ನುಡಿಸಿಕೊಂಡಿದ್ದ. ಸುಳ್ಳು ಹೇಳದಿರುವುದು ಅವನಿಗೆ ವ್ರತಕ್ಕಿಂತ ಹೆಚ್ಚಾಗಿ ಚಟ. ಅಡಿಗೆ ಹೇಗಿದೆ ಎಂದು ಅವನನ್ನು ಯಾರೂ ಕೇಳುತ್ತಿರಲಿಲ್ಲ.

ಇವರಿಬ್ಬರನ್ನು ಜೋಡಿ ಮಾಡಿದವನು ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿ ವಿರೂಪಾಕ್ಷಪ್ಪ.

ಸ್ವಾತಂತ್ರ್ಯ ಬಂದಾಗ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ, ಗದಗ-ಬೆಟಗೇರಿ ಮತ್ತು ಮುಂಡರಗಿ ಮುಂಬಯಿ ಪ್ರಾಂತದಲ್ಲಿ. ಮರುವರ್ಷ ಸಂಸ್ಥಾನಗಳೂ ಮುಂಬಯಿಯೊಳಗೆ ಕರಗಿದವು. ಈಗ, ೧೯೫೬ರ ನವೆಂಬರ್ ಒಂದರಂದು, ಎಲ್ಲವೂ ಕೂಡಿ ಮೈಸೂರು ರಾಜ್ಯ ಸೇರಲಿದ್ದವು. ಮನೆಯ ಕಟ್ಟೆ ಇಳಿಯದೆ ಮೂರು ಸರಕಾರ ನೋಡಿದೆ ಎಂದು ಮೂಕಪ್ಪ ಹೇಳಿಕೊಳ್ಳುತ್ತಿದ್ದ. ದೀಪಾವಳಿಯೂ ಅದೇ ವಾರ ಬಂದಿತ್ತು. ಪ್ರತಿ ಊರಲ್ಲೂ ಉತ್ಸವ ಸಮಿತಿಗಳಾದವು. ಊರೂರುಗಳ ನಡುವೆ ಪೈಪೋಟಿ ಎದ್ದಿತು. ಗದಗಿನಲ್ಲಿ ಗವಾಯಿಗಳಿಗೆ ಬರವಿಲ್ಲ. ಮುಂಡರಗಿಯವರು ಡೊಳ್ಳಿನ ಮೇಳ ಗೊತ್ತು ಮಾಡಿದ್ದರು. ಲಕ್ಷ್ಮೇಶ್ವರದ ಸಮಿತಿಯ ಅಧ್ಯಕ್ಷನಾದ ವಿರೂಪಾಕ್ಷಪ್ಪನಿಗೆ ಯಾರಲ್ಲೂ ಇಲ್ಲದ್ದು ಬೇಕಿತ್ತು. ಅವನ ಮದುವೆಯಲ್ಲಿ ರಾಜನ ಮದಿವಿ ಬಾರಿಸಿದವನು ಮೂಕಪ್ಪ. ಬೆಟಗೇರಿಯಲ್ಲಿ ಅಂಥದೇ ಮಟ್ಟುಗಳನ್ನು ಪಿಟೀಲಿನಲ್ಲಿ ನುಡಿಸುವ ಕಿರಿಸ್ತಾನ ಮುದುಕನೊಬ್ಬನಿದ್ದಾನೆಂದು ಕೇಳಿದ್ದೇ ತಡ, ಇಬ್ಬರನ್ನೂ ಒಂದೇ ಬಂಡಿಗೆ ಹೂಡಿದ. ಕಾರ್ಯಕ್ರಮದ ಕೊನೆಗೆ ರಾಜನ ಮದಿವಿ ಇರಲೇಬೇಕೆಂದೂ ಹೇಳಿಕಳಿಸಿದ.

ಅಭ್ಯಾಸ ಇಸಾಕನ ಮನೆಯ ಪಡಸಾಲೆಯಲ್ಲಿ. ಮೊದಲ ವಾರ ಸಂಗೀತಕ್ಕಿಂತ ಜಗಳವೇ ಹೆಚ್ಚು ನಡೆಯಿತು. ಪುಂಗಿಗೆ ಶ್ರುತಿ ಒಂದೇ, ಅದನ್ನು ಏರಿಸಲೂ ಬಾರದು ಇಳಿಸಲೂ ಬಾರದು. ಅದಕ್ಕೆ ಹೊಂದಿಸಹೋಗಿ ಪಿಟೀಲಿನ ತಂತಿ ಹರಿದು ಇಸಾಕನ ಕೆನ್ನೆಗೆ ಬಡಿಯಿತು. ತನ್ನ ಪಿಟೀಲು ಯಾರಿಗೂ ತಲೆಬಾಗಿಲ್ಲವೆಂದು ಅವನೆಂದ. ತನ್ನ ಚೀಲಕ್ಕೆ ತಲೆಯೇ ಇಲ್ಲ, ಎಲ್ಲಿಂದ ಬಾಗಬೇಕೆಂದು ಮೂಕಪ್ಪ ಕೇಳಿದ. ಗಾಳಿ ಸೋರದಿರಲಿ ಎಂದು ಮೂಕಪ್ಪ ಚೀಲದೊಳಗೆ ಬೆಲ್ಲದ ಪಾಕ ಹಾಕಿ ತಿಕ್ಕಿ ರಾತ್ರಿ ಅಲ್ಲೇ ತೂಗುಹಾಕಿ ಹೋದ. ಬೆಳಿಗ್ಗೆ ಬೆಟಗೇರಿಯ ಇರುವೆಗಳೆಲ್ಲ ಅಲ್ಲಿ ನೆರೆದಿದ್ದವು. ಇಸಾಕನ ಹೆಂಡತಿ ಇಬ್ಬರನ್ನೂ ಚೀಲದ ಸಮೇತ ಹಿತ್ತಲಿಗೆ ಅಟ್ಟಿದಳು.

ಹಿತ್ತಲಿನಲ್ಲಿ ಅವರು ಕೂಡಿದರು. ಮೂಕಪ್ಪ ಒಗ್ಗರಣಿ ಶುರು ಮಾಡಿದಾಗ ಇಸಾಕ ಕಮಾನು ಕೆಳಗಿಟ್ಟು ನೋಡುತ್ತ ನಿಂತ. ಆಮೇಲೆ ಅದೇ ಮಟ್ಟನ್ನು, ಅದೇ ಸಿಡಿತಗಳೊಂದಿಗೆ, ಪಿಟೀಲಿನಲ್ಲಿ ನುಡಿಸಿದ. ಅದು ಗಾರ್ಡ್ ಸಾಹೇಬ ಸಂಬಳದ ದಿನ ನುಡಿಸುತ್ತಿದ್ದ ಮಟ್ಟಂತೆ. ಕುಂಟ ಎಮ್ಮಿಯೂ ಅವನಿಗೆ ಬರುತ್ತಿತ್ತು. ಪಿಟೀಲಿನಲ್ಲಿ ಅದರ ಕಾಲು ಇನ್ನೂ ಕುಂಟು. ಒಬ್ಬರನ್ನೊಬ್ಬರು ಕಾಣದೆ ಒಂದು ಆಯುಷ್ಯ ಕಳೆದ ಇಬ್ಬರು, ಒಂದೇ ಮಟ್ಟುಗಳನ್ನು ಬೇರೆ ಬೇರೆ ಹೆಸರಿಟ್ಟು ಸಾಕಿಕೊಂಡಿದ್ದರು. ಇಸಾಕ ತಂತಿಗಳನ್ನು ಪುಂಗಿಯ ಶ್ರುತಿಗೇ ಏರಿಸಿದ. ಅದನ್ನು ತಾನು ನೋಡಲಿಲ್ಲವೆಂಬಂತೆ ಮೂಕಪ್ಪ ಮೋಡ ನೋಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ನೆರೆಮನೆಗಳ ಮಗ್ಗಗಳ ಸದ್ದು ಅವರ ತಾಳಕ್ಕೆ ಬಿದ್ದಿತ್ತು.

ಆ ಹುರುಪಿನಲ್ಲೇ ಮೂಕಪ್ಪ ರಾಜನ ಮದಿವಿ ಎತ್ತಿಕೊಂಡ. ಇಸಾಕ ಪಿಟೀಲು ಎತ್ತಲಿಲ್ಲ. ತಲೆಯ ಮೇಲಿನ ಟೊಪ್ಪಿಗೆ ತೆಗೆದು ಎದೆಗೆ ಹಿಡಿದು ನಿಂತ. ಮಟ್ಟು ಮುಗಿಯುವವರೆಗೂ ಹಾಗೇ ಇದ್ದ.

“ಇದನ್ನ ಎಲ್ಲಿ ಬಾರಸ್ತಿ?” ಎಂದು ಕೇಳಿದ.

ಮೂಕಪ್ಪ ಎಲ್ಲ ಹೇಳಿದ. ಮೇಣೆ, ವಸ್ತ್ರ, ಹೂವು, ತಲೆ ತಗ್ಗಿಸಿದ ಬೀಗರು. ಆನೆಗಳನ್ನು ಮಾತ್ರ ಬಿಟ್ಟ, ಇಸಾಕನ ಮುಖ ಅದಕ್ಕೆ ಆಸ್ಪದ ಕೊಡಲಿಲ್ಲ.

“ಅದು ಮೇಣೆ ಅಲ್ಲೋ ಮೂಕಪ್ಪ, ಪೆಟಗಿ,” ಎಂದ ಇಸಾಕ. “ಒಳಗ ಹೆಣಾ ಇತ್ತು. ನಮ್ಮ ಗಾರ್ಡ್ ಸಾಹೇಬ್ರನ್ನ ಮಣ್ಣ ಮಾಡೂ ಮುಂದ ನಾನ ಇದನ್ನ ಬಾರಿಸೀನಿ. ಸಾಯೂಕ್ಕಿಂತ ಮೊದಲ ಅವರ ಹೇಳಿದ್ರು, ಇದ ಆಗಬೇಕಂತ.”

ಮೂಕಪ್ಪ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟ. ಚೀಲದಲ್ಲಿ ಉಳಿದಿದ್ದ ಗಾಳಿ ಸಣ್ಣಗೆ ಕೊರಗಿ ನಿಂತಿತು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಎಂದು ಒಂದೊಂದೇ ಊರಿನ ಮದುವೆಗಳು ಅವನ ಕಣ್ಣ ಮುಂದೆ ಬಂದವು. ಯಾರ ಗಂಡ ಕುಡಿಯುತ್ತಾನೆ, ಯಾರಿಗೆ ಮಕ್ಕಳಾಗಲಿಲ್ಲ, ಯಾರ ಸೊಸೆ ತವರಿಗೆ ಹೋದವಳು ಬರಲಿಲ್ಲ, ಎಲ್ಲ ಅವನಿಗೆ ಗೊತ್ತಿತ್ತು. ಹೆಣದ ರಾಗ ಬಾರಿಸಿ ಹೆಣ್ಣು ಕಳಿಸಿದ ಎಂಬ ಸುದ್ದಿ ಹೊರಬಿದ್ದರೆ ಆ ಎಲ್ಲ ದುಃಖಗಳೂ ಒಂದೇ ದಿನ ಅವನ ಬಾಗಿಲಿಗೆ ಬಂದು ಕೂರುತ್ತವೆ. ಮುಂದೆ ಯಾರೂ ಅವನನ್ನು ಮಂಟಪದ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಈ ವಯಸ್ಸಿನಲ್ಲಿ ಮತ್ತೆ ನೀರು ಹೊರಲಾಗದು. ಊರಿಗೆ ನಲ್ಲಿಯೂ ಬರಲಿದೆಯೆಂದು ಹೇಳುತ್ತಿದ್ದರು.

ಯಾರಿಗೂ ಹೇಳಬಾರದೆಂದು ಇಸಾಕನನ್ನು ಬೇಡಿಕೊಂಡ. ಕೇಳದಿದ್ದರೆ ಹೇಳುವುದಿಲ್ಲ, ಕೇಳಿದರೆ ಸುಳ್ಳಾಡುವುದಿಲ್ಲ ಎಂದು ಇಸಾಕ ಮಾತು ಕೊಟ್ಟ. ಯಾರು ಕೇಳಬೇಕು ಎಂದು ಮೂಕಪ್ಪ ಅಂದುಕೊಳ್ಳುವಷ್ಟರಲ್ಲಿ ಉತ್ಸವದ ಮುಖ್ಯ ಅತಿಥಿ ಯಾರೆಂಬ ಖಬರು ಬಂತು. ಬೆಟಗೇರಿಯ ಮಿಶನ್ ದವಾಖಾನೆಯ ಡಾಕ್ಟರ್ ಬಾಯಿ. ಇಪ್ಪತ್ತು ವರ್ಷಗಳಿಂದ ಈ ಕಡೆ ಬಾಣಂತನ ಮಾಡಿಸುತ್ತಿದ್ದ, ಇಲ್ಲಿಯವರಂತೆಯೇ ಕನ್ನಡವಾಡುವ ಹೆಂಗಸು. ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ.

ಉಪಾಯ ಹೊಳೆದದ್ದು ಮೂಕಪ್ಪನಿಗೆ. ಮಟ್ಟನ್ನು ನಾಲ್ಕು ಪಟ್ಟು ಜೋರಾಗಿ ಓಡಿಸಿದರೆ ಹೆತ್ತ ತಾಯಿಗೂ ಗುರುತು ಸಿಗದು. ಇಸಾಕ ಧರ್ಮಸೂಕ್ಷ್ಮವನ್ನು ಬಹಳ ಹೊತ್ತು ತೂಗಿ, ತಾಳ ಬದಲಾದರೆ ಅದು ಸುಳ್ಳಲ್ಲ, ಬರೀ ಅವಸರ ಎಂದು ತೀರ್ಮಾನಿಸಿದ. ಅವಸರದಲ್ಲಿ ಅದು ಚೆನ್ನಾಗಿಯೇ ಕುಣಿಯಿತು.

ಒಂದನೇ ತಾರೀಖು ಸಂಜೆ ಲಕ್ಷ್ಮೇಶ್ವರದ ಪೇಟೆಯ ಬಯಲು ತುಂಬಿತ್ತು. ಹಣತೆಗಳ ಜೊತೆಗೆ ಬಾಡಿಗೆಯ ಗ್ಯಾಸ್ ದೀಪಗಳು, ಹುಬ್ಬಳ್ಳಿಯಿಂದ ತರಿಸಿದ ಲೌಡ್‌ಸ್ಪೀಕರ್. ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ವಿರೂಪಾಕ್ಷಪ್ಪನ ಹೆಂಡತಿ ಗುರುಸಿದ್ದವ್ವ, ಪಕ್ಕದಲ್ಲಿ ಅವನ ಸೋದರತ್ತೆ ಫಕ್ಕೀರವ್ವ. ಈ ಮುದುಕಿಗೆ ವಯಸ್ಸು ಎಷ್ಟೆಂದು ಕೇಳಿದವರು ಬೈಸಿಕೊಂಡು ಬಂದಿದ್ದರು. ವೇದಿಕೆಯ ಮೇಲೆ ಡಾಕ್ಟರ್ ಬಾಯಿ, ಹೆಗಲಿಗೆ ಸಮಿತಿ ಹೊದಿಸಿದ ಶಾಲು.

ಒಗ್ಗರಣಿಗೆ ಜನ ಕೂತಲ್ಲೇ ಅಲುಗಾಡಿದರು. ಕುಂಟ ಎಮ್ಮಿಗೆ ಡಾಕ್ಟರ್ ಬಾಯಿಯ ಬೂಟು ವೇದಿಕೆಯನ್ನು ತಟ್ಟತೊಡಗಿತು. ಪಿಟೀಲು ಪುಂಗಿಯನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು, ಪುಂಗಿ ತಿರುಗಿ ನಿಂತು ಪಿಟೀಲನ್ನು ಗದರುತ್ತಿತ್ತು. ಅಷ್ಟು ದಿನದ ಭಯ ಮೂಕಪ್ಪನಿಗೆ ಮರೆತೇ ಹೋಯಿತು. ಆಗ ವಿರೂಪಾಕ್ಷಪ್ಪ ಎದ್ದು ಭಾಷಣ ಮಾಡಿದ. ಇಂದು ಹರಿದುಹೋಗಿದ್ದ ನಾಡು ಕೂಡುತ್ತಿದೆ, ಇದು ಕನ್ನಡಮ್ಮನ ಮಕ್ಕಳಿಗೆ ಮದುವೆಯ ಸಂಭ್ರಮ, ಆದ್ದರಿಂದ ಸಮಿತಿ ಯೋಚನೆ ಮಾಡಿಯೇ ರಾಜನ ಮದಿವಿಯನ್ನು ಇಟ್ಟುಕೊಂಡಿದೆ ಎಂದ. ಆನೆಗಳ ವಿಷಯವನ್ನೂ ಸೇರಿಸಿದ.

ಮೂಕಪ್ಪ ಇಸಾಕನಿಗೆ ಕಣ್ಣು ಮಾಡಿದ. ಮಟ್ಟು ಕಿತ್ತುಕೊಂಡು ಓಡಿತು.

ಅರ್ಧಕ್ಕೆ ಬರುವಷ್ಟರಲ್ಲಿ ಗುರುಸಿದ್ದವ್ವ ಎದ್ದು ನಿಂತಳು. ಇದು ಅದಲ್ಲ ಎಂದಳು. ಹೆಂಗಸರ ಕಡೆಯಿಂದ ಇನ್ನೂ ಹತ್ತು ದನಿ ಅದನ್ನೇ ಅಂದವು. ತಮ್ಮ ಮದುವೆಯಲ್ಲಿ ಇದು ಹೀಗೆ ಹುಚ್ಚು ಹಿಡಿದಂತೆ ಓಡಿರಲಿಲ್ಲ, ಬಾರಿಸಿದರೆ ಸರಿಯಾಗಿ ಬಾರಿಸಬೇಕು, ಇಲ್ಲವೆಂದರೆ ಚೀಲ ಇಳಿಸಬೇಕು. ವಿರೂಪಾಕ್ಷಪ್ಪ ಕೈಯಿಂದ ನಿಧಾನ, ನಿಧಾನ ಎಂದು ಸನ್ನೆ ಮಾಡಿದ. ಮೂಕಪ್ಪ ಡಾಕ್ಟರ್ ಬಾಯಿಯ ಕಡೆ ನೋಡಿದ. ಬೂಟು ತಟ್ಟುವುದು ಆಗಲೇ ನಿಂತಿತ್ತು.

ಬೇರೆ ದಾರಿ ಇರಲಿಲ್ಲ. ಅವನು ಚೀಲ ತುಂಬಿಕೊಂಡು ರಾಜನ ಮದಿವಿಯನ್ನು ಅದರ ಹೆಜ್ಜೆಯಲ್ಲೇ ಎತ್ತಿಕೊಂಡ. ಇಸಾಕ ಕೆಳಗಿನ ಸ್ವರದಲ್ಲಿ ಜೊತೆ ಕೊಟ್ಟ. ಮೂಕಪ್ಪ ಅದನ್ನು ಅಷ್ಟು ಚೆನ್ನಾಗಿ ಹಿಂದೆಂದೂ ನುಡಿಸಿರಲಿಲ್ಲ. ಇದೇ ಕೊನೆಯ ಸಲ ಎಂದು ಅವನಿಗೆ ಖಾತ್ರಿಯಿತ್ತು.

ಮಟ್ಟಿನ ಎರಡನೇ ಸಾಲಿಗೆ ಡಾಕ್ಟರ್ ಬಾಯಿ ಎದ್ದು ತಲೆ ಬಗ್ಗಿಸಿ ನಿಂತಳು. ಬಿಳಿಯ ಹೆಂಗಸೇ ಕನ್ನಡಮ್ಮನಿಗೆ ನಮಸ್ಕಾರ ಮಾಡುವಾಗ ತಾವು ಕೂತಿರುವುದೆ ಎಂದು ಸಮಿತಿಯವರು ಎದ್ದರು. ಸಮಿತಿಯವರನ್ನು ನೋಡಿ ಬಯಲು ಎದ್ದಿತು.

ಮಟ್ಟು ಮುಗಿಯಿತು. ಡಾಕ್ಟರ್ ಬಾಯಿ ಕನ್ನಡಕ ಒರೆಸಿಕೊಂಡು ಅವರಿಬ್ಬರ ಹತ್ತಿರ ಬಂದಳು. ಅವರ ಮುಂದೆಯೇ ಲೌಡ್‌ಸ್ಪೀಕರಿನ ಮೈಕು ಇತ್ತು. ಆಮೇಲೆ ಆಡಿದ್ದೆಲ್ಲ ಬಯಲಿನ ಆಚೆಯ ಅಂಗಡಿಗಳವರೆಗೂ ಕೇಳಿಸಿತು.

“ಈ ರಾಗ ಯಾವಾಗ ಬಾರಸ್ತಾರಂತ ನಿಮಗ ಗೊತ್ತೈತೇನ್ರಿ?”

ಮೂಕಪ್ಪನ ಬಾಯಲ್ಲಿ ಕೊಳವೆ ಇರಲಿಲ್ಲ. ಆದರೂ ಮಾತು ಹೊರಡಲಿಲ್ಲ. ಪಕ್ಕದಲ್ಲಿ ಇಸಾಕ ಗಂಟಲು ಸರಿಮಾಡಿಕೊಂಡ.

“ರಾಜನ ಮನಿ ಮದಿವ್ಯಾಗರಿ, ಬಾಯಾರ,” ಎಂದ. “ನಮ್ಮ ಗಾರ್ಡ್ ಸಾಹೇಬ್ರ ಹೇಳಿದ್ರು.”

ಡಾಕ್ಟರ್ ಬಾಯಿ ಅವನನ್ನೇ ನೋಡಿದಳು. ಪ್ರತಿ ಭಾನುವಾರ ಚರ್ಚಿನಲ್ಲಿ ಅವನ ಪಿಟೀಲಿನ ಹತ್ತಿರದ ಬೆಂಚಿನಲ್ಲಿ ಕೂರುವವಳು ಅವಳು. ಇಸಾಕ ಕದ್ದು ಸಿಕ್ಕಿಬಿದ್ದ ಹುಡುಗನಂತೆ ಕಮಾನನ್ನು ಬೆನ್ನ ಹಿಂದೆ ಇಟ್ಟುಕೊಂಡ. ತನ್ನ ಗುರುವಿನ ಹೆಸರು ಹಿಡಿದು, ತನ್ನ ಚರ್ಚಿನವಳ ಎದುರಿಗೆ, ಆ ಮುದುಕ ಜನ್ಮದಲ್ಲಿ ಮೊದಲ ಸುಳ್ಳಾಡಿದ್ದ; ಅದೂ ಬಲು ಕೆಟ್ಟದಾಗಿ ಆಡಿದ್ದ. ಮೂಕಪ್ಪನಿಗೆ ತನ್ನ ಹೆಸರು ಹೋಗುವುದಕ್ಕಿಂತ ಅದನ್ನು ನೋಡುವುದು ಕಷ್ಟವಾಯಿತು.

“ಇಲ್ರಿ ಬಾಯಾರ,” ಎಂದ. “ಇಸಾಕಣ್ಣ ನನ್ನ ಸಲುವಾಗಿ ಹಂಗ ಅಂದಾನ. ಅಂವಗ ಪಾಪ ಹತ್ತೂದು ಬ್ಯಾಡ. ಇದು ನಿಮ್ಮಲ್ಲಿ ಸತ್ತವರನ್ನ ಒಯ್ಯೂ ಮುಂದ ಬಾರಸೂ ರಾಗ. ನನಗ ಗೊತ್ತಿರಲಿಲ್ಲ, ಮದಿವಿಗೆಲ್ಲಾ ಬಾರಿಸಿಬಿಟ್ಟೆ. ಗೊತ್ತಾದಮ್ಯಾಲೂ ಸುಮ್ಮನಿದ್ದೆ.”

ಲೌಡ್‌ಸ್ಪೀಕರು ಅದನ್ನು ಕೊನೆಯ ಅಂಗಡಿಯವರೆಗೂ ಮುಟ್ಟಿಸಿತು. ವಿರೂಪಾಕ್ಷಪ್ಪ ತನ್ನ ಭಾಷಣವನ್ನು ಮನಸ್ಸಿನಲ್ಲೇ ಹಿಂದಕ್ಕೆ ಪಡೆಯಲು ಯತ್ನಿಸುತ್ತಿರುವವನಂತೆ ನಿಂತಿದ್ದ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಎಲ್ಲರೂ ಕೂಡಿ ಹೆಂಗಸರ ಕಡೆ ನೋಡಿದರು. ಮೂಕಪ್ಪ ಪುಂಗಿಯನ್ನು ಹೆಗಲಿನಿಂದ ಇಳಿಸತೊಡಗಿದ.

ಗುರುಸಿದ್ದವ್ವ ಸೆರಗು ಸರಿಮಾಡಿಕೊಂಡಳು. ಅವಳಿಗೆ ಮೈಕು ಬೇಕಾಗಲಿಲ್ಲ.

“ಅದರಾಗ ಹೊಸಾದೇನೈತಿ? ಆ ರಾಗ ಕೇಳಿ ನಕ್ಕ ಹೆಣ್ಮಗಳನ್ನ ಯಾರರ ನೋಡೀರೇನು? ನಮ್ಮವ್ವ ಕಂಬಾ ತಬ್ಬಿ ಅತ್ಲು. ನಾ ಅಕಾ ಅಲ್ಲಿ ನಿಂತಾರಲ್ಲ ನಮ್ಮ ಯಜಮಾನ್ರು, ಅವರ ಮಾರಿ ನೋಡಿ ಅತ್ತೆ. ಅದು ಅಳೂ ರಾಗ ಅಂತ ನಮಗ ಅವತ್ತ ತಿಳಿದೈತಿ. ರಾಜನ ಮದಿವಿ ಅಂತ ನಂಬಿದವ್ರು ನೀವು ಗಂಡಸ್ರು.”

ಹೆಂಗಸರ ಕಡೆಯಿಂದ ನಗೆ ಎದ್ದು ಬಯಲಿನ ಆ ತುದಿಯವರೆಗೆ ಹೋಯಿತು. ಗಂಡಸರು ತುಸು ತಡವಾಗಿ ಸೇರಿಕೊಂಡರು, ವಿರೂಪಾಕ್ಷಪ್ಪ ಎಲ್ಲರಿಗಿಂತ ಕೊನೆಗೆ. ಮುಂದಿನ ವೈಶಾಖದಲ್ಲಿ ಮಗಳ ಮದುವೆಯಿದೆ, ಆಗಲೂ ಇದನ್ನೇ, ಇದೇ ನಿಧಾನದಲ್ಲಿ ಬಾರಿಸಬೇಕು, ಇಲ್ಲವಾದರೆ ತಾನು ಸರಿಯಾಗಿ ಅಳುವುದಾದರೂ ಹೇಗೆ ಎಂದು ಗುರುಸಿದ್ದವ್ವ ಕೇಳಿದಳು.

ತನ್ನ ತಂದೆಯನ್ನು ಒಯ್ದದ್ದು ಇದೇ ಮಟ್ಟಿನ ಹಿಂದೆ ಎಂದು ಡಾಕ್ಟರ್ ಬಾಯಿ ಹೇಳಿದಳು. ಇಷ್ಟು ವರ್ಷ ಇದನ್ನು ಕೇಳಿರಲಿಲ್ಲವಂತೆ. ಕೇಳಿಸೀತೆಂದು ಲಕ್ಷ್ಮೇಶ್ವರದಲ್ಲಿ ಎಣಿಸಿರಲೂ ಇಲ್ಲ. ಮೂಕಪ್ಪ ಮದುವೆ ಮಾಡಿಸಿದವರ ಕೂಸುಗಳಲ್ಲಿ ಅರ್ಧದಷ್ಟು ತನ್ನ ಕೈಯಲ್ಲೇ ಹುಟ್ಟಿವೆ, ಅಳುವುದರಲ್ಲಿ ಒಂದೂ ಹಿಂದೆ ಬಿದ್ದಿಲ್ಲ ಎಂದೂ ಸೇರಿಸಿದಳು. ಆಮೇಲೆ ಇಸಾಕನ ಕಡೆ ತಿರುಗಿ, ಭಾನುವಾರ ಮಾತಾಡೋಣ ಎಂದಳು. ಇಸಾಕ ತಲೆ ತಗ್ಗಿಸಿದ. ಆದರೆ ಮೂಕಪ್ಪ ಹತ್ತಿರದಿಂದ ನೋಡಿದ ಪ್ರಕಾರ, ಅವನ ಮೀಸೆಯಡಿಯಲ್ಲಿ ಪಶ್ಚಾತ್ತಾಪಕ್ಕಿಂತ ಬೇರೆ ಏನೋ ಇತ್ತು.

ದೀಪಗಳನ್ನು ಇಳಿಸುವ ಹೊತ್ತಿಗೆ ಫಕ್ಕೀರವ್ವ ಕೋಲೂರಿಕೊಂಡು ವೇದಿಕೆಯ ಬಳಿಗೆ ಬಂದಳು. ಅವಳ ಮದುವೆಯಾದಾಗ ಮೂಕಪ್ಪ ಹುಟ್ಟಿರಲಿಲ್ಲ. ಆ ಭಾಗ್ಯ ತಪ್ಪಿತಲ್ಲ ಎಂಬ ಸಿಟ್ಟು ಅವಳಿಗೆ ಮೊದಲಿನಿಂದಲೂ ಇತ್ತು. ತನ್ನನ್ನು ಒಯ್ಯುವ ದಿನ ಜೋಡಿ ಬರಬೇಕೆಂದು ಅಲ್ಲೇ ನಿಂತು ಇಬ್ಬರನ್ನೂ ಗೊತ್ತು ಮಾಡಿದಳು. ಆ ನಿಧಾನದ್ದನ್ನೇ ನುಡಿಸುತ್ತೇವೆ ಎಂದು ಮೂಕಪ್ಪ ಭಕ್ತಿಯಿಂದ ಹೇಳಿದ.

“ಅದು ಬ್ಯಾಡ್ರೋ,” ಎಂದಳು ಮುದುಕಿ. “ಆ ಓಡೂದನ್ನ ಬಾರಸ್ರಿ. ಸಾವಕಾಶ ಭಾಳ ವರ್ಷ ಇದ್ದೀನಿ ನಾ. ಹೊತ್ತವರಾದ್ರೂ ಒಂದ್ಚೂರ ಜಲ್ದಿ ನಡೀಲಿ.”

ಇಸಾಕ ಪಿಟೀಲನ್ನು ಪೆಟ್ಟಿಗೆಯಿಂದ ಮತ್ತೆ ಹೊರಗೆ ತೆಗೆದ. ಯಾವ ವೇಗ ಬೇಕೆಂಬುದನ್ನು ಈಗಲೇ ಕೇಳಿ ಹೇಳಿಬಿಡಿ, ಆಮೇಲೆ ಕೇಳಲು ಬರುವುದಿಲ್ಲ ಎಂದ.